ಬುಗುರಿಯ ಗಂಟಲು ಒಡೆದದ್ದು

ತಿಮಿಂಗಿಲಗಳಿಗೂ ಒಂದು ವಯಸ್ಸಿನ ನಂತರ ಹೆರುವುದು ನಿಂತುಹೋಗುತ್ತದೆ ಎಂಬ ಸಾಕ್ಷ್ಯಚಿತ್ರದ ವಾಕ್ಯದ ನಡುವಿಗೆ ಬರುವಷ್ಟರಲ್ಲಿ ಅವಳ ಎದೆಯ ಕೆಳಗೆಲ್ಲೋ ಒಲೆ ಹತ್ತಿಕೊಂಡಿತು. ಅಲ್ಲಿಂದ ಬಿಸಿ ಕತ್ತಿಗೆ ಏರಿತು, ಕತ್ತಿನಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ. ‘ಹೆರುವುದು’ ಎನ್ನುವಲ್ಲಿಗೆ ಅವಳು ಬಾಯಿ ತೆರೆದುಕೊಂಡೇ ನಿಂತಳು. ಡಬ್ಬಿಂಗ್ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ಸ್ಪಂಜು, ಬಾಗಿಲಿಗೆ ಸ್ಪಂಜು, ನೆಲಕ್ಕೆ ದಪ್ಪ ಜಮಖಾನ. ಎಸಿಯ ಗುಂಯ್‌ಗುಡುವಿಕೆಯನ್ನೂ ಮೈಕು ಹಿಡಿದುಬಿಡುತ್ತದೆಂದು ಓದುವ ಹೊತ್ತಿಗೆ ಅದನ್ನು ಆರಿಸುತ್ತಾರೆ. ಫ್ಯಾನಂತೂ ಹುಟ್ಟಿದಾಗಿನಿಂದ ಇಲ್ಲ. ಬೀಸಿಕೊಳ್ಳೋಣವೆಂದರೆ ಕೈಯಲ್ಲಿರುವ ಹಾಳೆ ಸರಸರ ಎನ್ನುತ್ತದೆ. ಐವತ್ತೊಂದು ದಾಟಿದ ಹೆಂಗಸಿಗೆ ಇದಕ್ಕಿಂತ ತಕ್ಕ ಉದ್ಯೋಗ ಭೂಮಿಯ ಮೇಲೆ ಇರಲಾರದು ಎಂದುಕೊಂಡಳು. ಇದ್ದರೆ ಇಟ್ಟಿಗೆ ಗೂಡಿನೊಳಗೆ ಇರಬೇಕು. ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಸರಿಯಾಗಿ ‘ತಿಮಿಂಗಿಲ’ದ ಮೇಲೆ ಬಿದ್ದು ಅದನ್ನು ಸಮುದ್ರಕ್ಕೆ ಸೇರಿಸಿತು.

“ತಾಯಿ, ಯಾಕೆ ನಿಂತ್ರಿ?” ಗಾಜಿನ ಆಚೆಯಿಂದ ಕಿವಿರಾಯನ ದನಿ ಬಂತು. ಇವನು ಧ್ವನಿ ಎಂಜಿನಿಯರು, ಅವಳದೇ ವಯಸ್ಸಿನವನು. ಹೆಸರು ಕಿವಿಗಳ ಅಳತೆಯಿಂದ ಬಂದದ್ದೋ ಅವುಗಳ ಚುರುಕಿನಿಂದ ಬಂದದ್ದೋ ಈಗ ಯಾರಿಗೂ ನೆನಪಿಲ್ಲ.

“ನಾನಲ್ಲ ನಿಂತಿದ್ದು, ತಿಮಿಂಗಿಲ,” ಎಂದಳು.

ಅವನು ನಗಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. “ಎರಡು ನಿಮಿಷ ತಾಯಿ, ಈ ಮಷೀನು ಯಾಕೋ ಕಾದುಬಿಟ್ಟಿದೆ, ತಣ್ಣಗಾಗ್ಲಿ,” ಎಂದು ಎಸಿ ಹಾಕಿದ. ಈ ತಿಂಗಳಲ್ಲಿ ಅವನ ಮಷೀನು ಹೀಗೆ ಎಷ್ಟು ಸಲ ಕಾದಿದೆಯೆಂದರೆ, ಸ್ಟುಡಿಯೋದವರಿಗೆ ಗೊತ್ತಾದರೆ ಅದನ್ನು ಗುಜರಿಗೆ ಹಾಕಿಯಾರು. ಅವಳೂ “ಪಾಪ, ಅದಕ್ಕೂ ವಯಸ್ಸಾಯ್ತು,” ಎಂದಷ್ಟೇ ಹೇಳಿ, ತಣ್ಣನೆಯ ಗಾಳಿ ಬೀಳುವ ಕಡೆಗೆ ಕುತ್ತಿಗೆ ಒಡ್ಡಿ ನಿಂತಳು.

ಹಾಳೆಯಲ್ಲಿ ಮುಂದೆ ಬರೆದಿದ್ದದ್ದನ್ನು ಕಣ್ಣಲ್ಲೇ ಓದಿಕೊಂಡಳು. ಓರ್ಕಾ ಎಂಬ ಕಪ್ಪುಬಿಳುಪಿನ ತಿಮಿಂಗಿಲದ ಹೆಣ್ಣು ನಲವತ್ತರ ಆಸುಪಾಸಿಗೆ ಹೆರುವುದನ್ನು ಮುಗಿಸಿ ಆಮೇಲೂ ದಶಕಗಟ್ಟಲೆ ಬದುಕುತ್ತದಂತೆ. ಪ್ರಾಣಿಗಳಲ್ಲಿ ಈ ಭಾಗ್ಯ ಕೆಲವು ಜಾತಿಯ ತಿಮಿಂಗಿಲಗಳನ್ನು ಮತ್ತು ಮನುಷ್ಯರನ್ನು ಬಿಟ್ಟರೆ ಬಹಳ ಅಪರೂಪವಂತೆ. ಮೀನು ಸಿಗದ ವರ್ಷಗಳಲ್ಲಿ ಇಡೀ ಬಳಗದ ಮುಂದೆ ಈಜುವವಳು ಆ ಮುದುಕಿಯೇ, ಏಕೆಂದರೆ ಹಿಂದಿನ ಬರಗಾಲದಲ್ಲಿ ಮೀನು ಎಲ್ಲಿತ್ತೆಂಬುದು ಅವಳಿಗೆ ನೆನಪಿರುತ್ತದೆ. ನೆನಪು ಎಂಬ ಮಾತಿಗೆ ಬಂದಾಗ ಅವಳಿಗೆ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆರೆದು, ಏತಕ್ಕೆ ತೆರೆದೆನೆಂದು ಮರೆತು, ತಂಪು ಹಿತವಾಗಿದೆಯಲ್ಲ ಎಂದು ಅಲ್ಲೇ ಕಣ್ಣು ಮುಚ್ಚಿ ನಿಂತದ್ದು ನೆನಪಾಯಿತು. ಗಂಡ ಹಿಂದಿನಿಂದ ಬಂದು “ಏನು ಹುಡುಕ್ತಿದ್ದೀಯ?” ಎಂದರೆ “ನನ್ನ ತಲೆ” ಎಂದಿದ್ದಳು. ಅವರು ಅದಕ್ಕೂ ಬೇಸರಪಡದೆ “ಸಿಕ್ಕಿದ್ರೆ ಹಾಲನ್ನೂ ತಗೊಂಡ್ಬಾ” ಎಂದು ಹೋದರು. ಅವಳ ಫ್ಯಾನಿನ ಕಾಟಕ್ಕೆ ಅವರು ಮಲಗುವಾಗ ಸ್ವೆಟರು, ಉಲ್ಲನ್ ಟೋಪಿ ಹಾಕಿಕೊಳ್ಳುವುದನ್ನು ರೂಢಿಸಿಕೊಂಡು ಬಹಳ ದಿನವಾಯಿತು. ಫ್ಯಾನು ಕಡಿಮೆ ಮಾಡು ಎಂದು ಒಂದು ದಿನವೂ ಕೇಳಲಿಲ್ಲ. ಹಿಮಾಲಯ ಹತ್ತಲು ಹೊರಟವರಂತೆ ಸಜ್ಜಾಗಿ ಹಾಸಿಗೆಗೆ ಬರುತ್ತಾರೆ. ಇಂಥವರೊಡನೆ ಜಗಳವಾಡುವುದು ಹೇಗೆ? ಈ ತಿಮಿಂಗಿಲದ ಮುದುಕಿ ಬಳಗಕ್ಕೆ ದಾರಿ ತೋರಿಸುತ್ತಾಳೆ. ತಾನು ಮಾರುಕಟ್ಟೆಯಿಂದ ಮನೆಗೆ ಬರುವಾಗ ಒಂದು ತಿರುವು ಮುಂದೆ ಹೋಗಿ, ಅಲ್ಲಿ ಏನೋ ಕೆಲಸವಿದ್ದವಳಂತೆ ಅಂಗಡಿಯ ಬೋರ್ಡು ಓದಿ ಹಿಂದಿರುಗುತ್ತಾಳೆ.

ತಿಮಿಂಗಿಲದ ಮಾತು ಹಾಗಿರಲಿ, ಅದು ಬೆಳಗಿನ ಕೆಲಸ. ಚಿಂತೆಯೆಲ್ಲ ಮಧ್ಯಾಹ್ನದ್ದು. ಮಧ್ಯಾಹ್ನ ಬುಗುರಿಯ ಕೆಲಸವಿತ್ತು. ಬುಗುರಿ ಒಂಬತ್ತು ವರ್ಷದ ಹುಡುಗ. ಕಾರ್ಟೂನಿನವನಾದ್ದರಿಂದ ಹದಿನೆಂಟು ವರ್ಷದಿಂದಲೂ ಒಂಬತ್ತೇ. ಇಂಥ ಹುಡುಗರಿಗೆ ಹೆಂಗಸರ ದನಿಯನ್ನೇ ಕೊಡಿಸುತ್ತಾರೆ. ನಿಜವಾದ ಹುಡುಗನನ್ನು ತಂದರೆ ಎರಡು ವರ್ಷದಲ್ಲಿ ಮೀಸೆ ಚಿಗುರಿ ಗಂಟಲು ಒಡೆಯುತ್ತದೆ, ಹೆಂಗಸಿಗೆ ಆ ಭಯವಿಲ್ಲ ಎಂದು ಇವಳನ್ನು ಆರಿಸಿದಾಗ ಯಾರೋ ಹೇಳಿದ್ದರು. ಆ ಭರವಸೆಯನ್ನು ಸುಳ್ಳು ಮಾಡಲೆಂದೇ ಎಂಬಂತೆ ಈಗ ಅವಳ ಗಂಟಲು ಒಡೆದಿತ್ತು. ಕೆಳಗಿನ ಸ್ವರವೆಲ್ಲ ಮಡಕೆಯೊಳಗೆ ಮಾತಾಡಿದ ಹಾಗೆ. ಮೇಲೆ ಹೋದರೆ ಕೀಲಿಗೆ ಎಣ್ಣೆ ಕಾಣದ ಬಾಗಿಲು. ಮೊದಲೆಲ್ಲ ಮನೆಯ ಫೋನು ಎತ್ತಿದರೆ ಆಚೆಯವರು “ಪುಟ್ಟಾ, ಅಮ್ಮನ್ನ ಕರೀ” ಎನ್ನುತ್ತಿದ್ದರು. ಹೋದ ವಾರ ಗ್ಯಾಸಿನವನು “ಆಯ್ತು ಸರ್, ನಾಳೆ ಕಳಿಸ್ತೀನಿ ಸರ್” ಎಂದ. ಹುಡುಗನಿಂದ ಗಂಡಸಾಗಿ ಬಡ್ತಿ. ನಡುವೆ ಒಂದು ದಿನವಾದರೂ ಫೋನಿನಲ್ಲಿ ಹೆಂಗಸಾಗಿ ಇರುವ ಯೋಗ ಅವಳಿಗೆ ಬರಲೇ ಇಲ್ಲ.

ನಿನ್ನೆ ಡಬ್ಬಿಂಗ್ ನಿರ್ದೇಶಕರು ಫೋನು ಮಾಡಿದ್ದರು. ಪ್ರತಿ ಮಾತಿಗೂ ಒಂದು ಚೂರು ಸೇರಿಸುವುದರಿಂದ ಸ್ಟುಡಿಯೋದಲ್ಲಿ ಇವರಿಗೆ ಚೂರು ಸಾರ್ ಎಂದೇ ಹೆಸರು. “ಅಕ್ಕ, ನಾಳೆ ಕಾರ್ಟೂನ್ ಕಂಪನಿಯಿಂದ ಒಬ್ರು ಬಂದು ಕೂತ್ಕೋತಾರೆ. ಬುಗುರಿ ದನಿ ಒಂದು ಚೂರು ಹಣ್ಣಾಗಿದೆ ಅಂತ ಅವರಿಗೆ ಅನುಮಾನ. ನೀವು ಎದುರಿಗೇ ಅವನ ಆ ಎತ್ತರದ ಕೂಗು ಕೂಗಿಬಿಟ್ರೆ ಮುಗೀತು. ಇಲ್ಲಾಂದ್ರೆ ಹೊಸ ದನಿ ಹುಡುಕ್ತಾರಂತೆ.” ಅವಳು ನಕ್ಕು “ಅಷ್ಟೇನಾ?” ಎಂದಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಬಕೆಟ್ಟಿನೊಳಗೆ ಮುಖವಿಟ್ಟು ಕೂಗಿ ನೋಡಿದ್ದಳು. ಬಕೆಟ್ಟು ಕೂಡ ಅದನ್ನು ಒಪ್ಪಲಿಲ್ಲ.

ಆದರೂ ಅವಳಿಗೊಂದು ಧೈರ್ಯವಿತ್ತು. ಮನೆಯಲ್ಲಿ ಹೇಗೇ ಇರಲಿ, ಮೈಕಿನ ಮುಂದೆ ನಿಂತರೆ ಅದು ಹೇಗೋ ಬರುತ್ತದೆ, ಇಷ್ಟು ವರ್ಷದ ಸಾಧನೆ ಸುಮ್ಮನೆ ಹೋಗುವುದಿಲ್ಲ. ಅದಕ್ಕೆ ಪುರಾವೆಯೂ ಇತ್ತು. ಪ್ರತಿ ಭಾನುವಾರ ಟಿ.ವಿ. ಮುಂದೆ ಕೂತು ತನ್ನ ಕೂಗನ್ನು ತಾನೇ ಕೇಳಿ “ನೋಡಿದ್ರಾ, ಈ ವಯಸ್ಸಲ್ಲಿ ಯಾರಿಗೆ ಬರುತ್ತೆ?” ಎನ್ನುತ್ತಿದ್ದಳು. ಗಂಡ ಚಪ್ಪಾಳೆ ತಟ್ಟುತ್ತಿದ್ದರು.

ಎಸಿಯ ತಂಪಿನಲ್ಲಿ ಅವಳು ನಿಂತಿರುವಾಗಲೇ ಕಿವಿರಾಯ ಮಧ್ಯಾಹ್ನದ ತಯಾರಿಗೆಂದು ಹಿಂದಿನ ಕಂತಿನ ಒಂದು ತುಣುಕನ್ನು ಹಾಕಿದ. ಹೊಸ ದನಿಯನ್ನು ಹಳೆಯದರ ಮಟ್ಟಕ್ಕೆ ಹೊಂದಿಸಿಕೊಳ್ಳಲು ಹೀಗೆ ಹಾಕಿ ಕೇಳುವುದು ಅವನ ಪದ್ಧತಿ. ಆದರೆ ಅದು ಅವಳ ಹೆಡ್‌ಫೋನಿಗೂ ಬರುತ್ತಿದೆಯೆಂಬುದನ್ನು ಇವತ್ತು ಮರೆತಿದ್ದ. ಸಂಗೀತವಿಲ್ಲ, ಗಾಳಿಯ ಸದ್ದಿಲ್ಲ, ಬರೀ ಬುಗುರಿ. “ಬರ್ತೀನಿ ಬರ್ತೀನಿ ಬರ್ತೀನೀ!” ಎಂಬ ಕೂಗು ಗಾಜಿನ ಗೋಲಿಯಂತೆ ಉರುಳಿಕೊಂಡು ಮೇಲೆ ಹೋಯಿತು. ಅವಳ ಎದೆ ಉಬ್ಬಿತು. ನೋಡು, ಎಲ್ಲಿ ಒಡೆದಿದೆ? ಕಂಪನಿಯವರಿಗೆ ಕಿವಿಯಿಲ್ಲ ಅಷ್ಟೇ. ಕಿವಿರಾಯ ಅದನ್ನೇ ಹಿಂದಕ್ಕೆ ತಂದು ಮತ್ತೆ ಹಾಕಿದ. ಈ ಸಲ ಅವಳಿಗೆ ಕೂಗಿಗಿಂತ ಮುಂಚಿನದು ಕೇಳಿಸಿತು, ಕೂಗುವ ಮೊದಲು ಎಳೆದುಕೊಂಡ ಉಸಿರು. ಬಾಯಿಂದ ಎಳೆದ ಉಸಿರು. ಅದರ ತುದಿಯಲ್ಲಿ ನಾಲಿಗೆ ಅಂಗುಳಕ್ಕೆ ತಾಗಿ ಬಿಟ್ಟ ‘ಟಿಕ್’ ಎಂಬ ಸಣ್ಣ ಸದ್ದು.

ಅವಳು ಮೂಗಿನಿಂದ ಉಸಿರೆಳೆಯುವವಳು. ಬಾಯಿಂದ ಎಳೆದು ಟಿಕ್ಕೆನ್ನುವ ಉಸಿರು ಜಗತ್ತಿನಲ್ಲಿ ಒಂದೇ ಇತ್ತು. ಅದನ್ನು ಅವಳು ತೊಟ್ಟಿಲ ಪಕ್ಕದಲ್ಲಿ ಕೂತು ಕೇಳಿದ್ದಳು, ಮೂಗು ಕಟ್ಟಿದಾಗ ಬೆನ್ನು ಸವರುತ್ತ ಕೇಳಿದ್ದಳು, ಇದೇ ಸ್ಟುಡಿಯೋದ ಮೂಲೆಯಲ್ಲಿ ಮಡಚಿಟ್ಟ ಕಂಬಳಿಗಳ ಮೇಲೆ ಮಗು ಮಲಗಿದ್ದಾಗ, ಆ ಸದ್ದು ಮೈಕಿಗೆ ಸಿಕ್ಕೀತೆಂದು ಹೆದರಿ ಕೇಳಿದ್ದಳು. ಆ ಮಗು, ಅವಳ ಮಗಳು, ಈಗ ಇದೇ ಕಾರ್ಟೂನಿನಲ್ಲಿ ಬುಗುರಿಯ ತಂಗಿಗೆ ದನಿ ಕೊಡುತ್ತಾಳೆ.

“ತಾಯಿ, ರೆಡಿನಾ?” ಎಂದ ಕಿವಿರಾಯ, ಎಸಿ ಆರಿಸಿ. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಅವಳು ಹಾಳೆ ತಿರುವಿದಳು. ತಾಯಿಯೂ ಮಗಳೂ ಒಂದೇ ಕಾಲದಲ್ಲಿ ಹೆತ್ತರೆ, ಹೆಚ್ಚಾಗಿ ಉಳಿಯದೆ ಹೋಗುವುದು ತಾಯಿಯ ಮರಿಯೇ. ಬಹುಶಃ ಅದಕ್ಕೇ ತಾಯಿಯ ದೇಹ ಮೊದಲೇ ಹಿಂದೆ ಸರಿದು ಮಗಳಿಗೆ ಜಾಗ ಬಿಡುವುದನ್ನು ಕಲಿಯಿತೆಂದು ವಿಜ್ಞಾನಿಗಳು ಊಹಿಸುತ್ತಾರೆ. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ, ತನಗೇ ಪರಿಚಯವಿಲ್ಲದ ಒಂದು ತಗ್ಗಿದ ದನಿಯಲ್ಲಿ ಓದಿದಳು. ಗಾಜಿನಾಚೆಯಿಂದ ಕಿವಿರಾಯ “ಮೈ ಜುಮ್ಮಂತು ತಾಯಿ. ಇಂಥದ್ದು ಈ ಕೋಣೇಲಿ ಬಂದೇ ಇಲ್ಲ,” ಎಂದ. ಬರದೇ ಏನು, ಹೊಟ್ಟೆಯೊಳಗೆ ಬೆಂಕಿ ಬಿದ್ದರೆ ಕಲೆ ತಾನಾಗಿ ಬರುತ್ತದೆ ಎಂದುಕೊಂಡಳು. ದೇಹ ಕಲಿಯಿತಂತೆ! ಯಾವ ದೇಹ? ತನ್ನ ದೇಹ ಸೈಕಲ್ಲು ತುಳಿಯುವುದನ್ನೇ ಕಲಿಯಲಿಲ್ಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಮಗಳು ಎಂದಿನಂತೆ ಅವಳಿಗೆ ಗೋಡೆ ಪಕ್ಕದ ತಂಪು ಕುರ್ಚಿ ಬಿಟ್ಟು, ತಾನು ಬಾಗಿಲ ಬಳಿ ಕೂತಿದ್ದಳು. ಈ ಕುರ್ಚಿ ಬಿಡುವುದೂ ಯಾವಾಗಿನಿಂದಲೋ ನಡೆದಿತ್ತು, ಇವಳ ಕಣ್ಣಿಗೆ ಇವತ್ತು ಬಿತ್ತು. ಆಮೇಲೆ ಕೇಳೋಣ, ಮನೆಗೆ ಹೋಗಿ ಸಮಾಧಾನವಾಗಿ ಕೇಳೋಣ ಎಂದುಕೊಳ್ಳುತ್ತಲೇ ಕೇಳಿಬಿಟ್ಟಳು.

“ಎಷ್ಟು ದಿನದಿಂದ ನಡೀತಿದೆ ಇದು?”

“ಯಾವುದಮ್ಮ?”

“ನನ್ನ ಗಂಟಲಿಗೆ ತೇಪೆ ಹಾಕೋದು.”

ಮಗಳ ತುತ್ತು ಅರ್ಧಕ್ಕೆ ನಿಂತಿತು. “ಯಾರು ಹೇಳಿದ್ರು?”

“ನಿನ್ನ ಉಸಿರು ಹೇಳ್ತು.”

“ಅಯ್ಯೋ! ಅಂಕಲ್ ಉಸಿರು ಬದಲಾಯಿಸೋದು ಮರೆತಿದ್ದಾರೆ.” ಹೇಳಿದ ಮೇಲೆ ಮಗಳು ನಾಲಿಗೆ ಕಚ್ಚಿಕೊಂಡಳು.

“ಅಂದ್ರೆ? ಪ್ರತಿ ಸಲ ನನ್ನ ಉಸಿರು ತಂದು ನಿನ್ನ ಕೂಗಿಗೆ ಅಂಟಿಸ್ತಿದ್ರಾ?”

“ಹ್ಞೂ. ನಿನ್ನ ಉಸಿರು ಚೆನ್ನಾಗಿದೆಯಲ್ಲಮ್ಮ.”

“ಮುದುಕಿ ಬದುಕಿದ್ದಾಳೆ ಅನ್ನೋಕೆ ಅಷ್ಟಾದ್ರೂ ಸಾಕ್ಷಿ ಇರ್ಲಿ ಅಂತ.”

“ಹಾಗೆಲ್ಲ ಅನ್ಬೇಡ. ಮೇಲಿನ ಕೂಗು ಮಾತ್ರ ನಂದು. ಮಿಕ್ಕಿದ್ದೆಲ್ಲ ನಿಂದೇ. ನನ್ನ ಪಾಲಿನದು ಮುಗಿದ ಮೇಲೆ ಅಂಕಲ್ಲು ‘ಒಂದು ಕೂಗು ಕೊಟ್ಟು ಹೋಗಮ್ಮ’ ಅಂತಾರೆ, ಕೊಟ್ಟು ಬರ್ತೀನಿ. ಚೂರು ಸಾರ್‌ಗೂ ಗೊತ್ತಿಲ್ಲ.”

“ನಂಗೆ ಹೇಳ್ಬಹುದಿತ್ತು.”

“ಹೇಗೆ ಹೇಳ್ಲಿ? ಭಾನುವಾರ ಬಂತು ಅಂದ್ರೆ ಟಿ.ವಿ. ಮುಂದೆ ಕೂತು ಅಷ್ಟು ಖುಷಿಪಡ್ತೀಯ. ಅಪ್ಪನೂ ಹೇಳ್ಬೇಡ ಅಂ…”

“ಅಪ್ಪಂಗೂ ಗೊತ್ತಾ?”

ಮಗಳು ಡಬ್ಬಿಯ ಮುಚ್ಚಳವನ್ನು ಬಹಳ ಶ್ರದ್ಧೆಯಿಂದ ಮುಚ್ಚತೊಡಗಿದಳು. ಹಾಗಾದರೆ ಆ ಚಪ್ಪಾಳೆ! ಟೋಪಿ ಹಾಕಿಕೊಂಡ ಆ ಮನುಷ್ಯ ಸೋಫಾದ ಮೇಲೆ ಕೂತು ತಟ್ಟುತ್ತಿದ್ದ ಚಪ್ಪಾಳೆಯೂ ಡಬ್ಬಿಂಗು. ಅವಳಿಗೆ ಅಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು. ಇದು ಎರಡನೆಯ ಮಹಡಿ, ನುಂಗಿದರೂ ಕೆಳಮಹಡಿಯ ಹಲ್ಲಿನ ಡಾಕ್ಟರ ಕುರ್ಚಿಗೆ ಹೋಗಿ ಬೀಳುತ್ತೇನೆ ಎಂದೂ ಅನಿಸಿತು. ಎಲ್ಲರೂ ಸೇರಿ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನಡೆಸುತ್ತಿದ್ದರು. ಅವಳು ಮಾತ್ರ ತಾನು ಮುಂದೆ ಮುಂದೆ ಈಜುತ್ತಿದ್ದೇನೆಂದು ತಿಳಿದಿದ್ದಳು. ಈ ಹುಡುಗಿ ಬುಗುರಿಯ ದನಿಯನ್ನು ಯಾವಾಗ ಕಲಿತಳು? ಕಲಿಸಿದ್ದಂತೂ ಇಲ್ಲ. ಮನೆಗೆ ಬಂದರೆ ಗಂಟಲಿಗೆ ವಿಶ್ರಾಂತಿ ಬೇಕೆಂದು ಅವಳು ಕೈಸನ್ನೆಯಲ್ಲೇ ಮಾತಾಡುತ್ತಿದ್ದಳು. ಊಟಕ್ಕೆ ಬಾ ಎಂದರೆ ಒಂದು ಸನ್ನೆ, ಮಲಗು ಎಂದರೆ ಇನ್ನೊಂದು. ಅಮ್ಮನ ದನಿ ಬೇಕೆನಿಸಿದಾಗ ಮಗು ಟಿ.ವಿ. ಹಾಕಿಕೊಳ್ಳುತ್ತಿತ್ತು. ಅಲ್ಲೇ ಕಲಿತಿರಬೇಕು.

“ಅಮ್ಮ, ಕೇಳಿಲ್ಲಿ. ಇವತ್ತು ರೆಕಾರ್ಡ್ ಮಾಡ್ಬೇಡ. ಕಂಪನಿಯವರು ಎದುರಿಗೇ ಕೂತಿರ್ತಾರೆ, ಇವತ್ತು ತೇಪೆ ಹಾಕೋಕಾಗಲ್ಲ. ನೆಗಡಿ ಅಂದ್ಬಿಡು. ಅವರು ಬೇರೆ ಊರಿನವರು, ಸಂಜೆ ಹೋಗ್ಬಿಡ್ತಾರೆ. ಆಮೇಲೆ ಮೊದಲಿನ ಹಾಗೇ ನಡೆಸ್ಕೊಂಡು ಹೋಗೋಣ. ಬುಗುರಿ ನಿನ್ನ ಹತ್ರಾನೇ ಇರ್ತಾನೆ.”

ಹಳೆಯ ಕಥೆಗಳಲ್ಲಾಗಿದ್ದರೆ ತಾಯಿಯಾದವಳು ಈ ಮಾತಿಗೆ ಕಣ್ತುಂಬಿಕೊಂಡು ಬೇಡ ಮಗಳೇ ಎನ್ನುತ್ತಿದ್ದಳು. ಅವಳು ಎದ್ದು ಕಾರಿಡಾರಿಗೆ ಹೋಗಿ ಕೆಮ್ಮುವ ಅಭ್ಯಾಸ ಮಾಡಿದಳು. ಒಣ ಕೆಮ್ಮು, ಹಸಿ ಕೆಮ್ಮು, ಕೆಮ್ಮಬಾರದೆಂದು ತಡೆದರೂ ಬರುವ ಕೆಮ್ಮು. ಮೂರನೆಯದು ಚೆನ್ನಾಗಿತ್ತು, ಅದನ್ನು ಆರಿಸಿಕೊಂಡಳು. ಅವಳಿಗೆ ಬುಗುರಿ ಬೇಕಾಗಿತ್ತು. ಬಿಟ್ಟುಕೊಡುವುದು, ಹಿಂದೆ ಸರಿಯುವುದು, ಬಳಗದ ಹಿತ, ಇವೆಲ್ಲ ಬೆಳಗಿನ ಹಾಳೆಯಲ್ಲಿ ಮುಗಿದುಹೋಗಿದ್ದವು. ಬುಗುರಿ ಹೋದರೆ ಉಳಿಯುವುದೇನು? ಯಾರದೋ ಅತ್ತೆ, ಯಾರದೋ ಮಾಟಗಾತಿ, ಮಾತಾಡುವ ಆಲದ ಮರ. ಮರದ ಪಾತ್ರಕ್ಕೆ ಕರೆಸಿಕೊಂಡು “ನಿಮಗೇ ಹೇಳಿ ಮಾಡಿಸಿದ ಹಾಗಿದೆ ಅಕ್ಕ” ಎನ್ನುತ್ತಾರೆ. ಇಲ್ಲ, ಕಿವಿರಾಯನೂ ಮಗಳೂ ಸೇರಿ ಇನ್ನೂ ಕೆಲವು ವರ್ಷ ತಳ್ಳಬಹುದು. ಉಸಿರು ನನ್ನದೇ ತಾನೆ.

ಕಂಪನಿಯಿಂದ ಬಂದಿದ್ದವಳು ಮೂವತ್ತರ ಹೆಂಗಸು. ಇವಳನ್ನು ಕಂಡೊಡನೆ ಎದ್ದು ನಿಂತು, “ನನ್ನ ಮಗ ಬುಗುರಿ ಮಾತಾಡಿದ್ರೇನೇ ಊಟ ಮಾಡೋದು,” ಎಂದಳು. ಸುಳ್ಳಿರಲಾರದು, ಹೇಳುವಾಗ ಅವಳ ಮುಖದಲ್ಲಿ ಊಟ ಮಾಡಿಸಿದ ದಣಿವು ಇತ್ತು. ದ್ವೇಷಿಸುವುದಕ್ಕೂ ಆಸ್ಪದ ಕೊಡದ ಜನ. ಗಾಜಿನ ಆಚೆ ಆ ಹೆಂಗಸು, ಚೂರು ಸಾರ್, ಕಿವಿರಾಯ, ಅವರ ಹಿಂದೆ ಗೋಡೆಗೊರಗಿ ಮಗಳು. ಈಚೆ ಇವಳು, ಆರಿಸಿದ ಎಸಿ, ಮತ್ತು ತೆರೆಯ ಮೇಲೆ ನೀರಿನ ಟ್ಯಾಂಕು ಹತ್ತಿ ಇಳಿಯಲಾಗದೆ ನಿಂತಿರುವ ಬುಗುರಿ. ಕೂಗಬೇಕಾದದ್ದು “ಅಮ್ಮಾ, ಇಲ್ಲಿದ್ದೀನೀ!” ಎಂದು. ಈಗಲೇ ಕೆಮ್ಮಬೇಕಾಗಿತ್ತು. ಕೆಮ್ಮು ಸಿದ್ಧವಾಗಿ ಬಾಯಿಗೂ ಬಂದಿತ್ತು. ಆದರೆ ತೆರೆಯ ಮೇಲೆ ಅವನು ಬಾಯಿ ತೆರೆದದ್ದನ್ನು ಕಂಡ ಕೂಡಲೇ ಹದಿನೆಂಟು ವರ್ಷದ ಅಭ್ಯಾಸ ಅವಳ ಬಾಯನ್ನೂ ತೆರೆಸಿತು.

‘ಅಮ್ಮಾ’ ಹೇಗೋ ದಾಟಿತು. ‘ಇಲ್ಲಿದ್ದೀನೀ’ ಎಂಬುದರ ಅರ್ಧಕ್ಕೆ ದನಿ ಎರಡಾಗಿ ಸೀಳಿ, ಒಂದು ಹೋಳು ಮೇಲೆ ಹೋಯಿತು, ಇನ್ನೊಂದು ಮೆಟ್ಟಿಲು ತಪ್ಪಿದ ಮುದುಕನ ಹಾಗೆ ಕೆಳಗುರುಳಿತು.

“ಈ ಮೈಕು ಒಂದು ಚೂರು ದೂರ ಇದೆ ಅನ್ಸುತ್ತೆ,” ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಿವಿರಾಯ ಎದ್ದು ಒಳಗೆ ಬಂದು, ಸರಿಯಾಗಿಯೇ ಇದ್ದ ಮೈಕನ್ನು ಗಂಭೀರವಾಗಿ ಬೆರಳಿನಷ್ಟು ಮುಂದೆ ತಂದು, “ಹೌದು ತಾಯಿ, ದೂರ ಇತ್ತು,” ಎಂದು ಹೋದ. ಎರಡನೆಯ ಸಲ ಕೂಗು ‘ಅಮ್ಮಾ’ದಲ್ಲೇ ಒಡೆಯಿತು.

ಗಾಜಿನ ಆಚೆ ಕಂಪನಿಯ ಹೆಂಗಸು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡಳು. ಆಗ ಮಗಳು ಮುಂದೆ ಬಂದಳು. “ಅಮ್ಮಂಗೆ ನೆಗಡಿ,” ಎಂದಳು. ಆಚೆಯ ಮೈಕಿನ ಗುಂಡಿ ಒತ್ತಿಯೇ ಇದ್ದದ್ದರಿಂದ ಇವಳಿಗೆಲ್ಲ ಕೇಳುತ್ತಿತ್ತು. “ರಾತ್ರಿಯಿಂದ ಜ್ವರ. ಬೇಡ ಅಂದ್ರೂ ಬಂದ್ರು. ನಾಳೆ ಆದ್ರೆ ಸರಿಯಾಗ್ಬಿಡುತ್ತೆ. ಹೋದ ಕಂತಿನಲ್ಲಿ ಎಷ್ಟು ಚೆನ್ನಾಗಿ ಕೂಗಿದ್ದಾರೆ, ಬೇಕಾದ್ರೆ ಕೇಳಿ, ಅಂಕಲ್ ಹಾಕಿ ಅದನ್ನ.” ಎಂಥ ಕೆಟ್ಟ ಅಭಿನಯ! ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಿಡುವಿಲ್ಲ, ಕಿವಿ ಕೆಂಪಾಗಿದೆ, ‘ಜ್ವರ’ ಎನ್ನುವಲ್ಲಿ ದನಿ ಮೇಲೆ ಹೋಗಬಾರದು ಎಂಬ ಮೊದಲ ಪಾಠವೂ ಗೊತ್ತಿಲ್ಲ. ತನ್ನದೇ ಕೂಗನ್ನು ತೋರಿಸಿ ಇದು ನನ್ನಮ್ಮನದು ಎಂದು ಈ ಹುಡುಗಿ ಅಪರಿಚಿತರ ಮುಂದೆ ಪ್ರಮಾಣ ಮಾಡುತ್ತಿದ್ದಳು. ಇದನ್ನು ಇನ್ನೂ ಎಷ್ಟು ವರ್ಷ ಮಾಡಬೇಕು ಅವಳು? ಅದನ್ನು ಕೇಳಿಕೊಂಡಿರಲು ಇವಳಿಂದ ಆಗಲಿಲ್ಲ. ಪ್ರೀತಿಯಿಂದಲೋ, ಮೂವತ್ತು ವರ್ಷದ ಕಸುಬಿನವಳಿಗೆ ಇಷ್ಟು ಕೆಟ್ಟ ಸಂಭಾಷಣೆ ಸಹಿಸಲಾಗದೆಯೋ, ಅವಳಿಗೇ ತಿಳಿಯದು.

“ನೆಗಡಿ ಇಲ್ಲ,” ಎಂದಳು ಮೈಕಿಗೆ. ಅದು ಬೆಳಗಿನ ಆ ತಗ್ಗಿದ ದನಿ. ಗಾಜಿನ ಆಚೆಯವರೆಲ್ಲ ಒಟ್ಟಿಗೆ ತಲೆಯೆತ್ತಿದರು. “ಜ್ವರಾನೂ ಇಲ್ಲ. ವಯಸ್ಸಾಯ್ತು, ಗಂಟಲು ಒಡೀತು. ಹೋದ ಕಂತಿನ ಕೂಗು ನಂದಲ್ಲ, ಇವಳದ್ದು. ಬಹಳ ದಿನದಿಂದ ಇವಳದ್ದೇ. ನಂಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು.” ಚೂರು ಸಾರ್ ಕಿವಿರಾಯನನ್ನು ನೋಡಿದರು. ಕಿವಿರಾಯ ತನ್ನ ಗುಂಡಿಗಳನ್ನು ಎಣಿಸುವವನಂತೆ ತಲೆ ಬಗ್ಗಿಸಿದ. “ಏನೇ, ಅಲ್ಲಿ ನಿಂತು ಯಾಕೆ ಕಣ್ಣು ಒರೆಸ್ಕೋತಿದ್ದೀಯ? ಮೂಗು ಕಟ್ಟಿದ್ರೆ ಮತ್ತೆ ಉಸಿರು ಟಿಕ್ ಅನ್ನುತ್ತೆ. ಒಳಗೆ ಬಾ.”

ಮಗಳು ಬಂದು ಮೈಕಿನ ಮುಂದೆ ನಿಂತಳು. ಇವಳು ಅವಳ ಹಿಂದೆ ನಿಂತು ಹೆಗಲ ಮೇಲೆ ಎರಡು ಬೆರಳಿಟ್ಟಳು. ಹೊಸಬರಿಗೆ ತೆರೆಯ ಮೇಲಿನ ಬಾಯಿ ಯಾವಾಗ ತೆರೆಯುತ್ತದೆಂದು ತಿಳಿಯಲು ಅನುಭವಿಗಳು ಹೀಗೆ ಬೆರಳಿಟ್ಟು, ಒಂದು ಕೂದಲೆಳೆ ಮುಂಚೆ ತಟ್ಟುತ್ತಾರೆ. “ಉಸಿರು ಮೂಗಿಂದ,” ಎಂದಳು ಕಿವಿಯಲ್ಲಿ. ಬುಗುರಿ ಟ್ಯಾಂಕಿನ ಮೇಲೆ ಬಗ್ಗಿ ನೋಡಿದ. ಇವಳು ತಟ್ಟಿದಳು. “ಅಮ್ಮಾ, ಇಲ್ಲಿದ್ದೀನೀ!”

ಕೂಗು ಚೆನ್ನಾಗಿತ್ತು. ಅದೇ ತೊಂದರೆ, ಬಹಳ ಚೆನ್ನಾಗಿತ್ತು. ತಿಮಿಂಗಿಲವೂ ಅಷ್ಟು ಸಲೀಸಾಗಿ ಜಾಗ ಬಿಟ್ಟಿರಲಾರದು. ನೀರಿನೊಳಗೆ ಅದು ಏನೇನು ಬೈದುಕೊಂಡಿತೋ, ಹಾಡು ಎಂದು ಬರೆದುಕೊಂಡ ವಿಜ್ಞಾನಿಗಳಿಗೇನು ಗೊತ್ತು. ಕಂಪನಿಯ ಹೆಂಗಸು ಗಾಜಿನ ಆಚೆ ಕೈ ಎತ್ತಿ ಸರಿ ಎಂಬಂತೆ ತೋರಿಸಿದಳು. ಸರಿ, ಹೋಯಿತು. ಹದಿನೆಂಟು ವರ್ಷ ಸಾಕಿದ ಮಗ, ಎರಡು ಪದದಲ್ಲಿ ಕೈ ಬದಲಾದ. ಅವಳು ಮಾತ್ರ ಬೆರಳು ತೆಗೆಯಲಿಲ್ಲ. ಮುಂದಿನ ಸಾಲಿಗೂ ತಟ್ಟಿದಳು, ಅದರ ಮುಂದಿನದಕ್ಕೂ. ಒಂದೆರಡು ಕಡೆ ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ತಟ್ಟಿದಳು.

ಕೊನೆಯ ದೃಶ್ಯದಲ್ಲಿ ಬುಗುರಿ ಮನೆಗೆ ಬಂದು ಮಂಚದ ಮೇಲೆ ಬಿದ್ದು ಗೊರಕೆ ಹೊಡೆಯಬೇಕು. ಮಗಳು ಗೊರಕೆ ಹೊಡೆದಳು. ಅದು ನೆಂಟರ ಮನೆಯಲ್ಲಿ ಮಲಗಿದ ಹೊಸ ಸೊಸೆಯ ಗೊರಕೆಯ ಹಾಗಿತ್ತು. ಚೂರು ಸಾರ್ “ಒಂದು ಚೂರು ಒರಟಾಗಿ,” ಎಂದರು. ಇನ್ನೊಮ್ಮೆ ಮಾಡಿಸಿದರೆ ಅದರಲ್ಲಿ ವಿನಯ ಇನ್ನೂ ಹೆಚ್ಚಾಯಿತು. ಕಿವಿರಾಯ ನಗು ತಡೆಯಲಾರದೆ ಮೇಜಿಗೆ ತಲೆ ಆನಿಸಿದ.

“ಅಮ್ಮ, ನನ್ನಿಂದಾಗಲ್ಲ, ನೀನೇ ಬಾ,” ಎಂದು ಮಗಳು ಪಕ್ಕಕ್ಕೆ ಸರಿದಳು.

ಅವಳು ಮೈಕಿನ ಮುಂದೆ ಹೋದಳು. ಗೊರಕೆಗೆ ಮೇಲಿನ ಸ್ವರ ಬೇಕಿಲ್ಲ. ಕಣ್ಣು ಮುಚ್ಚಿ, ಮೂಗಿನಿಂದ ನೀಳವಾಗಿ ಎಳೆದು, ಆ ಹೊಸ ಮಡಕೆಯ ದನಿಯ ತಳದವರೆಗೂ ಇಳಿದು ಅಲ್ಲಿಂದ ಎತ್ತಿದಳು. ಎಂಥ ಗೊರಕೆ ಅದು! ಮೊದಲಿನ ಬುಗುರಿಗೂ ಅಂಥದ್ದು ಇರಲಿಲ್ಲ. ಇಷ್ಟು ವರ್ಷ ಓಡಿ, ಹತ್ತಿ, ಬಿದ್ದು, ಕೂಗಿ ನಿಜವಾಗಿ ದಣಿದವನ ಗೊರಕೆ. ಆಚೆ ಯಾರೋ ನಕ್ಕರು, ಆಮೇಲೆ ನಗು ನಿಂತಿತು. ಅವಳಿಗೆ ಮೈ ಹಗುರಾಯಿತು. ಎಳೆದಳು, ಬಿಟ್ಟಳು, ಎಳೆದಳು, ಬಿಟ್ಟಳು. ತೆರೆಯ ಮೇಲೆ ಬೆಳಗಾಗಿ, ಬುಗುರಿ ಎದ್ದು, ಹಲ್ಲುಜ್ಜಿ, ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದ್ದ. ಯಾರೂ ಅವಳ ಹೆಗಲು ತಟ್ಟಲಿಲ್ಲ, ಕಿವಿರಾಯನೂ ನಿಲ್ಲಿಸಲಿಲ್ಲ. ಅವಳು ಇನ್ನೂ ಗೊರಕೆ ಹೊಡೆಯುತ್ತಿದ್ದಳು.